ನೀಲಗಿರಿಯಲ್ಲಿ ಬೆಳೆದು ತಿಂದು ಬದುಕಬಹುದೇ?

ತಾಳವಾಡಿಯ ನಮಗೂ ನೀಲಗಿರಿಗೂ ನಡುವೆ ಇರುವುದು ಮೋಯಾರ್ ನದಿಯ ಆಳವಾದ ಕಮರಿ. ನಕ್ಷೆಯ ಮೇಲೆ ಸ್ಕೇಲಿಟ್ಟು ಅಳೆದರೆ ಪಕ್ಕದ ಮನೆ. ಬಸ್ಸಿನಲ್ಲಿ ಹೊರಟರೆ ಮಾತ್ರ ಚಾಮರಾಜನಗರ, ಗುಂಡ್ಲುಪೇಟೆ, ಬಂಡೀಪುರ, ಗೂಡಲೂರು ಅಂತ ಸುತ್ತಿ ಹೋಗಬೇಕು. ತಮಿಳುನಾಡಿನಿಂದ ತಮಿಳುನಾಡಿಗೆ ಹೋಗಲು ಕರ್ನಾಟಕವನ್ನು ದಾಟಬೇಕು. ಗಡಿಯಲ್ಲಿರುವ ನಮಗೆ ಇದೆಲ್ಲ ಹೊಸತಲ್ಲ ಬಿಡಿ.

ನೀಲಗಿರಿಯ ಮಾತು ಬಂದದ್ದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ. ನಮ್ಮ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವನು, ಈಗ ಹೊಸೂರಿನ ಒಂದು ಕಾರ್ಖಾನೆಯಲ್ಲಿದ್ದಾನೆ. ಹೆಂಡತಿ, ತಾಯಿ, ನಾಲ್ಕನೇ ಕ್ಲಾಸಿನ ಮಗಳು. ಮಗಳೂ ಅಲ್ಲಿ ಕನ್ನಡ ಮಾಧ್ಯಮದಲ್ಲೇ ಓದುತ್ತಿದ್ದಾಳೆ. ಅವನು ಫೋನಿನಲ್ಲಿ ಹೇಳಿದ್ದು ಇಷ್ಟು: "ಸಾ, ನೀಲಗಿರೀಲಿ ಒಂದೆಕ್ರೆ ಸಿಕ್ಕುದ್ರೆ ಸಾಕು. ರಾಗಿ, ತರಕಾರಿ, ಎರಡು ಹಸ. ಅಂಗ್ಡಿ ಕಡೆ ತಿರುಗಿ ನೋಡ್ದೆ ಬದುಕ್ಬೇಕು ಅಂತ ಆಸೆ. ನೀವು ಒಂದ್ಸಲ ಹೋಗಿ ನೋಡಿ. ಸರಿ ಅಂದ್ರೆ ಪಿ.ಎಫ್. ದುಡ್ಡು ತೆಗೀತೀನಿ."

ಹದಿನೈದು ವರ್ಷ ದುಡಿದ ದುಡ್ಡು. ಅದನ್ನು ತೆಗೆಸುವುದೋ ಬಿಡಿಸುವುದೋ ನನ್ನ ಒಂದು ಮಾತಿನ ಮೇಲೆ ನಿಂತಿದೆ ಅಂದಾಗ ಸುಮ್ಮನೆ "ಆಗಲಪ್ಪ" ಅನ್ನಲು ಬಾಯಿ ಬರಲಿಲ್ಲ. ಎರಡು ಸಲ ಹೋಗಿ ಬಂದೆ. ಪೊಂಗಲ್ ರಜೆಯಲ್ಲಿ ಒಮ್ಮೆ, ಜುಲೈ ಮಳೆಯಲ್ಲಿ ಇನ್ನೊಮ್ಮೆ. ಬೇಕೆಂದೇ ಮೇ ತಿಂಗಳನ್ನು ಬಿಟ್ಟೆ. ಮೇ ತಿಂಗಳ ಊಟಿ ನೋಡಿ ಜಮೀನು ಕೊಳ್ಳುವುದೆಂದರೆ ಮದುವೆ ಮನೆಯ ಊಟ ನೋಡಿ ಸಂಬಂಧ ಮಾಡಿದ ಹಾಗೆ. ಈಗ ಅಲ್ಲಿಗೆ ಹೋಗುವ ಹೊರಗಿನ ವಾಹನಗಳಿಗೆ ಇ-ಪಾಸ್ ಬೇಕೆಂಬ ನಿಯಮ 2024ರ ಮೇ 7ರಿಂದ ಬಂದದ್ದು ಕೂಡ ಆ ಜನಜಂಗುಳಿಯಿಂದಲೇ.

ಮೊದಲು ಚಳಿಯ ವಿಚಾರ. ಊಟಿ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ, ದೊಡ್ಡಬೆಟ್ಟ 2,637 ಮೀಟರ್. ಡಿಸೆಂಬರಿನಿಂದ ಫೆಬ್ರವರಿವರೆಗೆ ತಗ್ಗಿನ ಹುಲ್ಲುಗಾವಲುಗಳಲ್ಲಿ ಇಬ್ಬನಿ ಹೆಪ್ಪುಗಟ್ಟುತ್ತದೆ. ಅಲ್ಲಿನವರು ತಮಿಳಿನಲ್ಲಿ ಉರೈಪನಿ ಅನ್ನುತ್ತಾರೆ. ಬೆಳಿಗ್ಗೆ ಆರೂವರೆಗೆ ಹೊರಗೆ ಬಂದರೆ ಹುಲ್ಲೆಲ್ಲ ಸುಣ್ಣ ಚೆಲ್ಲಿದ ಹಾಗೆ ಬೆಳ್ಳಗಿತ್ತು. ನೋಡಲು ಚೆಂದವೇ. ಆದರೆ ಬಿಸಿಲು ಏರಿದ ಮೇಲೆ ಅದೇ ಹೊಲದ ಆಲೂಗಡ್ಡೆ ಸೊಪ್ಪು ಸುಟ್ಟ ಹಾಗೆ ಕಪ್ಪಾಗಿತ್ತು. ಗೊತ್ತಿರುವ ರೈತರು ಸೂರ್ಯ ಬರುವ ಮೊದಲೇ ಎದ್ದು ಸ್ಪ್ರಿಂಕ್ಲರ್ ಬಿಟ್ಟು ಹಿಮವನ್ನು ತೊಳೆಯುತ್ತಾರೆ. ಚಹಾ ತೋಟದಲ್ಲಿ ಎಳೆ ಗಿಡಗಳ ಮೇಲೆ ಸೊಪ್ಪು ಹೊದಿಸುತ್ತಾರೆ. ಬೆಳಿಗ್ಗೆ ಐದಕ್ಕೆ ಕೊರೆಯುವ ನೀರಿನಲ್ಲಿ ಕೈ ಅದ್ದಲು ತಯಾರಿದ್ದವರಿಗೆ ಮಾತ್ರ ಆ ಬೇಸಾಯ.

ಇನ್ನು ಅನ್ನದ ಲೆಕ್ಕ. ನಾನು ಮೇಷ್ಟ್ರು, ಲೆಕ್ಕ ಬಿಟ್ಟು ಮಾತಾಡಲಾರೆ. ಮನೆಯಲ್ಲಿ ನಾಲ್ಕು ಜನ. ತಲೆಗೆ ದಿನಕ್ಕೆ 400 ಗ್ರಾಂ ಧಾನ್ಯ ಹಿಡಿದರೆ ದಿನಕ್ಕೆ 1.6 ಕಿಲೋ, ವರ್ಷಕ್ಕೆ 584 ಕಿಲೋ. ಅಂದರೆ ಸುಮಾರು ಆರು ಕ್ವಿಂಟಾಲ್. ಮುಂದಿನ ವರ್ಷದ ಬಿತ್ತನೆಗೆ, ಇಲಿ ಹೆಗ್ಗಣದ ಪಾಲಿಗೆ, ಬಂದು ಹೋಗುವ ನೆಂಟರಿಗೆ ಅಂತ ಇನ್ನೊಂದು ಕ್ವಿಂಟಾಲ್ ಸೇರಿಸಿ. ಮಳೆ ಆಧಾರದಲ್ಲಿ ನಮ್ಮ ತಾಳವಾಡಿಯ ಕೆಂಪು ಮಣ್ಣಿನಲ್ಲೇ ಒಂದೆಕರೆಯಿಂದ ಇಷ್ಟು ರಾಗಿ ತೆಗೆಯಬೇಕಾದರೆ ವರ್ಷ ಚೆನ್ನಾಗಿರಬೇಕು. ಮೇಲಿನ ಚಳಿಗೆ ರಾಗಿ ನಿಧಾನ, ತೆನೆ ಬಲಿಯಲು ತಿಂಗಳು ಹೆಚ್ಚು ಬೇಕು. ಭತ್ತ ಗೂಡಲೂರಿನ ತಗ್ಗಿನಲ್ಲಿ ಬೆಳೆಯುತ್ತದೆ, ಊಟಿಯ ಮೇಲಲ್ಲ. ತೆಂಗಿನಕಾಯಿ, ಕಡಲೆಕಾಯಿ ಎಣ್ಣೆ, ತೊಗರಿ ಎಲ್ಲ ಕೆಳಗಿನಿಂದ ಬರಬೇಕು. ಒಂದೆಕರೆಯನ್ನು ಪೂರ್ತಿ ರಾಗಿಗೇ ಕೊಟ್ಟರೆ ಎರಡು ಹಸುವಿಗೆ ಮೇವೆಲ್ಲಿ?

ತರಕಾರಿ ವಿಷಯದಲ್ಲಿ ಮಾತ್ರ ಆ ಮಣ್ಣಿಗೆ ಕೈ ಮುಗಿಯಬೇಕು. ಕ್ಯಾರೆಟ್, ಕೋಸು, ಬೀಟ್‌ರೂಟ್, ಬೆಳ್ಳುಳ್ಳಿ, ಬೀನ್ಸ್, ಆಲೂಗಡ್ಡೆ... ಏನು ಹಾಕಿದರೂ ಬರುತ್ತದೆ. ಕೇತಿ ಕಣಿವೆಯಲ್ಲಿ ಕ್ಯಾರೆಟ್ ತೊಳೆಯುವ ಯಂತ್ರಗಳ ಮುಂದೆ ಲಾರಿಗಳು ಸಾಲಾಗಿ ನಿಂತಿರುತ್ತವೆ. ಅಲ್ಲಿಂದ ಮೇಟ್ಟುಪಾಳ್ಯದ ಮಂಡಿಗೆ. ಆಲೂಗಡ್ಡೆಗೆ ಮಾತ್ರ ಒಂದು ಕಾಟ ಇದೆ. ಬೇರನ್ನು ತಿನ್ನುವ ಹಳದಿ ಕೋಶದ ದುಂಡು ಹುಳು, ನೆಮಟೋಡ್, ಭಾರತದಲ್ಲಿ ಮೊದಲು ಕಂಡದ್ದು 1961ರಲ್ಲಿ ಈ ನೀಲಗಿರಿಯಲ್ಲೇ. ಅದರ ಕೋಶ ಮಣ್ಣಿನಲ್ಲಿ ವರ್ಷಗಟ್ಟಲೆ ಸುಮ್ಮನೆ ಕೂತಿರುತ್ತದೆ, ಆಲೂಗಡ್ಡೆ ಬೇರಿನ ವಾಸನೆ ಸಿಕ್ಕಾಗ ಒಡೆಯುತ್ತದೆ. ಆದ್ದರಿಂದ ಒಂದೇ ಪಾತಿಯಲ್ಲಿ ವರ್ಷ ವರ್ಷ ಆಲೂಗಡ್ಡೆ ಹಾಕುವ ಹಾಗಿಲ್ಲ, ಬೆಳೆ ಬದಲಿಸಬೇಕು. ಈ ಹುಳುವನ್ನು ತಡೆದುಕೊಳ್ಳುವ ಕುಫ್ರಿ ಸ್ವರ್ಣದಂಥ ತಳಿ ಹಾಕಬೇಕು. ಚಿಕ್ಕ ಜಮೀನಿನವನಿಗೆ ಬೆಳೆ ಬದಲಿಸಲು ಜಾಗವೇ ಇರುವುದಿಲ್ಲ ಅನ್ನುವುದು ಬೇರೆ ಮಾತು.

ಮಾರಾಟಕ್ಕಿದೆ ಅಂತ ನನಗೆ ತೋರಿಸಿದ ನಾಲ್ಕು ತುಂಡುಗಳಲ್ಲಿ ಮೂರರಲ್ಲಿ ಇದ್ದದ್ದು ಚಹಾ. ಇದರ ಹಿಂದೆ ಒಂದು ಕಥೆ ಇದೆ, ನಮ್ಮ ಹುಡುಗ ತಿಳಿಯಲೇಬೇಕಾದ ಕಥೆ. ಮೊದಲು ಅಲ್ಲಿನ ಬಡಗರು ಸಾಮೆ, ರಾಗಿ, ಗೋಧಿ ಬೆಳೆದು ತಿನ್ನುತ್ತಿದ್ದರು. 1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ ಬೆಟ್ಟ ಹತ್ತಿದ ಮೇಲೆ ಬಿಳಿಯರ ತರಕಾರಿಗಳು ಬಂದವು, ಆಲೂಗಡ್ಡೆ ಹೊಲಕ್ಕಿಳಿಯಿತು. ಆಮೇಲೆ ಆಲೂಗಡ್ಡೆ ಇದ್ದ ಇಳಿಜಾರನ್ನು ಚಹಾ ಹಿಡಿಯಿತು. ಚಹಾಕ್ಕೆ ಒಳ್ಳೆ ದರ ಇದ್ದಾಗ ಯಾರೂ ಸಾಮೆಯನ್ನು ನೆನೆಯಲಿಲ್ಲ. 1990ರ ದಶಕದ ಕೊನೆಯಲ್ಲಿ ಹಸಿರೆಲೆಯ ದರ ಕುಸಿಯಿತು. ಕಿಲೋ ಎಲೆಗೆ ಸಿಗುವ ದುಡ್ಡು ಕೀಳುವ ಕೂಲಿಗೂ ಗೊಬ್ಬರಕ್ಕೂ ಸಾಲದಾಯಿತು. ಹೊಲದ ತುಂಬ ಹಸಿರು, ಅಟ್ಟದ ಮೇಲೆ ಒಂದು ಸೇರು ಧಾನ್ಯ ಇಲ್ಲ. ಚಹಾ ಎಲೆಯನ್ನು ಬೇಯಿಸಿ ಉಣ್ಣಲು ಆಗುತ್ತದೆಯೇ? ಜನ ಕೆಳಗಿಳಿದರು. 2001ರ ಜನಗಣತಿಯಲ್ಲಿ ಜಿಲ್ಲೆಯಲ್ಲಿ 7,62,141 ಜನ ಇದ್ದರು, 2011ರಲ್ಲಿ 7,35,394. ಹತ್ತು ವರ್ಷದಲ್ಲಿ ಇಪ್ಪತ್ತಾರು ಸಾವಿರಕ್ಕೂ ಹೆಚ್ಚು ಕಡಿಮೆ. ಬೆಟ್ಟದ ಹುಡುಗರು ಕೊಯಮತ್ತೂರು, ತಿರುಪ್ಪೂರು, ಬೆಂಗಳೂರಿಗೆ ಇಳಿಯುತ್ತಿರುವ ದಾರಿಯಲ್ಲೇ ನಮ್ಮ ಹುಡುಗ ಹತ್ತಲು ಹೊರಟಿದ್ದಾನೆ.

ಜಮೀನಿನ ಕಾಗದದ ಬಗ್ಗೆಯೂ ಹೇಳಬೇಕು. ಜಿಲ್ಲೆಯ ಅರ್ಧಕ್ಕಿಂತ ಹೆಚ್ಚು ಭಾಗ ಅರಣ್ಯ. ಉಳಿದದ್ದರಲ್ಲಿ ಗೂಡಲೂರು, ಪಂದಲೂರು ಕಡೆ ಜನ್ಮಂ ಜಮೀನುಗಳಿವೆ. 1969ರ ಕಾಯ್ದೆ ಆ ಒಡೆತನವನ್ನು ರದ್ದು ಮಾಡಿದ ಮೇಲೂ ಪಟ್ಟಾದ ತಕರಾರು ದಶಕಗಟ್ಟಲೆ ಎಳೆದಿದೆ. ಗುಡ್ಡಗಾಡು ಪ್ರದೇಶದಲ್ಲಿ ಕಟ್ಟಡ ಕಟ್ಟಲು, ಇಳಿಜಾರು ಅಗೆಯಲು 1990ರಲ್ಲಿ ರಚನೆಯಾದ ಪ್ರಾಧಿಕಾರದ ನಿಯಮಗಳಿವೆ. ದಲ್ಲಾಳಿಗಳು ಸೆಂಟಿನ ಲೆಕ್ಕದಲ್ಲಿ ಜಾಗ ತೋರಿಸುವಾಗ ಇದನ್ನು ಹೇಳುವುದಿಲ್ಲ. ನನಗೆ ಜಾಗ ತೋರಿಸಿದವರು "ಸಾರ್, ವ್ಯೂ ನೋಡಿ" ಅಂತ ಮೂರು ಸಲ ಹೇಳಿದರು. ನೀರು ಎಲ್ಲಿಂದ ಅಂತ ಕೇಳಿದ್ದಕ್ಕೆ "ಬರುತ್ತೆ ಸಾರ್" ಅಂದರು.

ನೀರು ನಿಜವಾಗಿಯೂ ಬರುತ್ತದೆ, ಆದರೆ ಎಲ್ಲಿಂದ ಅಂತ ನೋಡಿಕೊಳ್ಳಬೇಕು. ಬೆಟ್ಟದ ಮಡಿಕೆಗಳಲ್ಲಿರುವ ಶೋಲಾ ಕಾಡು ಮತ್ತು ಅದರ ಸುತ್ತಲಿನ ಹುಲ್ಲುಗಾವಲು ಮಳೆಯನ್ನು ಹೀರಿಕೊಂಡು ವರ್ಷವಿಡೀ ಒಸರುತ್ತವೆ. ಶೋಲಾ ಉಳಿದಿರುವ ಕಡೆ ಮಾರ್ಚಿನಲ್ಲೂ ಊಟೆ ಬತ್ತುವುದಿಲ್ಲ. ಹುಲ್ಲುಗಾವಲು ಹೋಗಿ ನೀಲಗಿರಿ ಮರ, ವಾಟಲ್ ಮರ ಬಂದ ಕಡೆ ಹಾಗಲ್ಲ. ಇವೆರಡೂ ಆಸ್ಟ್ರೇಲಿಯಾದಿಂದ ಹತ್ತೊಂಬತ್ತನೇ ಶತಮಾನದಲ್ಲಿ ತಂದು ನೆಟ್ಟವು. ಅಂದ ಹಾಗೆ, ಬೆಟ್ಟದ ದೊಡ್ಡ ನೀರೆಲ್ಲ ಯಾರಿಗೆ ಕೆಲಸ ಮಾಡುತ್ತಿದೆ ಗೊತ್ತೇ? 1930ರ ದಶಕದಲ್ಲಿ ಪೈಕಾರ, 1960ರ ದಶಕದಿಂದ ಕುಂದಾ ವಿದ್ಯುತ್ ಯೋಜನೆಗಳು ಅದನ್ನು ಕೊಳವೆಯಲ್ಲಿ ಕೆಳಗಿಳಿಸಿ ಬಯಲಿಗೆ ಕರೆಂಟು ಕೊಡುತ್ತಿವೆ. ಬೆಟ್ಟ ಕೆಳಗಿನವರನ್ನು ಸಾಕುತ್ತದೆ, ಕೆಳಗಿನವರು ಬೆಟ್ಟಕ್ಕೆ ಅಕ್ಕಿ ಕಳಿಸುತ್ತಾರೆ.

ಜುಲೈಯಲ್ಲಿ ಹೋದಾಗ ಇನ್ನೊಂದು ಪಾಠವಾಯಿತು. ನಾನಿದ್ದ ಮೂರು ದಿನ ಬಿಸಿಲೇ ಕಾಣಲಿಲ್ಲ. ಒಗೆದ ಪಂಚೆ ಒಣಗಲಿಲ್ಲ, ಉಪ್ಪಿನ ಡಬ್ಬಿಯಲ್ಲಿ ನೀರು, ಬೆಂಕಿಪೊಟ್ಟಣ ಗೀರಿದರೆ ಮದ್ದು ಉದುರುತ್ತದೆ. ಇಂಥ ಕಡೆ ಆರು ಕ್ವಿಂಟಾಲ್ ಧಾನ್ಯವನ್ನು ಮುಗ್ಗದಂತೆ ಇಡುವುದು ಬೆಳೆಯುವುದಕ್ಕಿಂತ ಕಷ್ಟ. ನೀರು ಕಾಯಿಸಲು, ಮೈ ಕಾಯಿಸಲು ಸೌದೆ ಬೇಕು. ಶೋಲಾದ ಒಂದು ಕೊಂಬೆ ಮುಟ್ಟುವ ಹಾಗಿಲ್ಲ, ಮುಟ್ಟಲೂಬಾರದು. ಕಡೆಗೆ ಗ್ಯಾಸ್ ಸಿಲಿಂಡರ್. ಅದೂ ಘಾಟಿ ಹತ್ತಿ ಬರಬೇಕು.

ಆ ಘಾಟಿ ಮುಚ್ಚಿದರೆ? 2009ರ ನವೆಂಬರಿನಲ್ಲಿ ಈಶಾನ್ಯ ಮಾರುತದ ಮಳೆಗೆ ಕೂನೂರು, ಕೇತಿ, ಕೋತಗಿರಿ ಕಡೆ ಗುಡ್ಡ ಕುಸಿದು ನಲವತ್ತಕ್ಕೂ ಹೆಚ್ಚು ಜನ ಸತ್ತರು, ರಸ್ತೆಗಳೂ ರೈಲು ಹಳಿಯೂ ಕೊಚ್ಚಿಹೋದವು. 2019ರ ಆಗಸ್ಟಿನಲ್ಲಿ ಅವಲಾಂಚಿಯಲ್ಲಿ ಒಂದೇ ದಿನಕ್ಕೆ 80 ಸೆಂಟಿಮೀಟರಿಗೂ ಹೆಚ್ಚು ಮಳೆ ಸುರಿಯಿತು. ನಮ್ಮ ಕಡೆ ಇಡೀ ವರ್ಷಕ್ಕೆ ಬೀಳುವಷ್ಟು ಮಳೆ ಅದು. ಪಶ್ಚಿಮದ ಇಳಿಜಾರಿಗೆ ಜೂನ್-ಆಗಸ್ಟಿನ ಭಯ, ಪೂರ್ವದ ಇಳಿಜಾರಿಗೆ ಅಕ್ಟೋಬರ್-ನವೆಂಬರಿನ ಭಯ. ಜಾಗ ಎಲ್ಲಿ ತೆಗೆದುಕೊಂಡರೂ ಎರಡರಲ್ಲಿ ಒಂದು ಇದ್ದೇ ಇದೆ.

ನನ್ನ ವಿದ್ಯಾರ್ಥಿಯ ತಾಯಿಗೆ ಉಬ್ಬಸ. ಅದನ್ನೂ ಮನಸ್ಸಿನಲ್ಲಿಟ್ಟುಕೊಂಡೇ ನೋಡಿದೆ. ಊಟಿಯಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಿನ ದೊಡ್ಡ ಆಸ್ಪತ್ರೆ 2025ರ ಏಪ್ರಿಲಿನಲ್ಲಿ ಉದ್ಘಾಟನೆಯಾಗಿದೆ, ಇದು ಒಳ್ಳೆಯದಾಯಿತು. ಆದರೆ ಅವನು ಆಸೆಪಟ್ಟ ಕುಂದಾ ಕಡೆಯ ಮೂಲೆಯಿಂದ ರಾತ್ರಿ ಮಂಜಿನಲ್ಲಿ ಆಸ್ಪತ್ರೆ ಮುಟ್ಟಬೇಕಲ್ಲ. ದಾರಿಯಲ್ಲಿ ಕಾಟಿ ಅಡ್ಡ ನಿಂತರೆ ಅದು ಸರಿಯುವವರೆಗೆ ನಾವು ನಿಲ್ಲಬೇಕು. ನಮಗೆ ಇಲ್ಲಿ ಆನೆ, ಅಲ್ಲಿನವರಿಗೆ ಕಾಟಿ, ಕರಡಿ, ಚಿರತೆ.

ಇಷ್ಟೆಲ್ಲ ಬರೆದುಕೊಂಡ ಮೇಲೂ ನನಗೆ ಒಂದು ಪ್ರಶ್ನೆ ಉಳಿದೇ ಇತ್ತು. ಹಾಗಾದರೆ ಹಿಂದಿನವರು ಹೇಗೆ ಬದುಕಿದರು? ನೂರಾರು ವರ್ಷ, ರಸ್ತೆ ಇಲ್ಲದೆ, ಅಂಗಡಿ ಇಲ್ಲದೆ?

ಇದಕ್ಕೆ ಉತ್ತರ ಸಿಕ್ಕಿದ್ದು ಕೋತಗಿರಿ ಕಡೆಯ ಒಂದು ಹಟ್ಟಿಯಲ್ಲಿ. ಬಡಗರ ಊರಿಗೆ ಹಟ್ಟಿ ಅನ್ನುತ್ತಾರೆ, ಸಾಲಾಗಿ ಅಂಟಿಕೊಂಡ ಮನೆಗಳು. ಬಡಗ ಅಂದರೆ ಉತ್ತರದವರು, ಮೈಸೂರು ಸೀಮೆಯಿಂದ ಹತ್ತಿ ಬಂದವರು ಎಂಬುದು ಅವರ ಹೆಸರಲ್ಲೇ ಇದೆ. ಎಂಬತ್ತು ದಾಟಿದ ಒಬ್ಬ ಅಜ್ಜ ಬಡಗದಲ್ಲಿ ಮಾತಾಡಿದರು, ನಾನು ತಾಳವಾಡಿ ಕನ್ನಡದಲ್ಲಿ ಮಾತಾಡಿದೆ. ದುಭಾಷಿ ಬೇಕಾಗಲಿಲ್ಲ. ಹಾಲು, ಹಬ್ಬ, ಹೊಲ ಎಲ್ಲ ಒಂದೇ. ಅವರ ಮನೆಯಲ್ಲಿ ಅವರೆಕಾಳು ಆಲೂಗಡ್ಡೆ ಹಾಕಿದ ಉದಕ ಬಡಿಸಿದರು. ಚಾಮರಾಜನಗರದ ಕಡೆ ಹಿಟ್ಟಿಗೆ ಉದ್ಕ ಅಂತ ಕೇಳುತ್ತೇವಲ್ಲ, ಅದೇ ಪದ ಬೆಟ್ಟದ ಮೇಲೆ ಬಿಸಿಯಾಗಿ ಕೂತಿತ್ತು.

"ನಿಮ್ಮ ಅಜ್ಜಂದಿರು ಎಲ್ಲವನ್ನೂ ತಾವೇ ಬೆಳೆದುಕೊಳ್ಳುತ್ತಿದ್ದರಾ ಅಜ್ಜಾ?" ಅಂತ ಕೇಳಿದೆ. ಅವರು ನಕ್ಕರು. ಬಡಗರು ಧಾನ್ಯ ಬೆಳೆಯುತ್ತಿದ್ದರು. ತುಪ್ಪ, ಮಜ್ಜಿಗೆ ಎಮ್ಮೆ ಸಾಕುವ ತೋಡರಿಂದ ಬರುತ್ತಿತ್ತು. ಗುದ್ದಲಿ, ಕುಡುಗೋಲು, ಮಡಕೆ ಕೋತರಿಂದ. ಸಾವಾದರೆ ವಾದ್ಯ ನುಡಿಸುತ್ತಿದ್ದವರೂ ಕೋತರೇ. ಜೇನು, ಬುಟ್ಟಿ, ಕಾಡಿನ ಪದಾರ್ಥ ಕುರುಂಬರಿಂದ. ಇಂತಹ ಮನೆಗೆ ಇಂತಹ ಮನೆಯವರೇ ಅಂತ ತಲೆತಲಾಂತರದ ಕೊಡುಕೊಳ್ಳುವಿಕೆ. ದುಡ್ಡು ನಡುವೆ ಇರಲಿಲ್ಲ. ಇದು ಅಜ್ಜನ ತಾಯಿ ಹೇಳುತ್ತಿದ್ದ ಮಾತು, ವಿದ್ವಾಂಸರು ಬರೆದದ್ದೂ ಇದನ್ನೇ. ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ಅಂಗಡಿ, ಸಂಬಳ, ಸಂತೆ ಬಂದ ಹಾಗೆ ಅದು ಕರಗಿತು.

ಆಮೇಲೆ ಅಜ್ಜ ಒಂದು ಮಾತು ಸೇರಿಸಿದರು. "ಅಷ್ಟೆಲ್ಲ ಇದ್ದರೂ ಉಪ್ಪು ಕೆಳಗಿನಿಂದಲೇ ಬರಬೇಕಿತ್ತು."

ನೋಡಿ, ಇಲ್ಲಿದೆ ವಿಷಯ. ನೀಲಗಿರಿಯಲ್ಲಿ ಒಂದು ಮನೆ ಎಂದೂ ಸ್ವಾವಲಂಬಿಯಾಗಿರಲಿಲ್ಲ. ಇಡೀ ಬೆಟ್ಟ ಸೇರಿ ಹೆಚ್ಚುಕಡಿಮೆ ಸ್ವಾವಲಂಬಿಯಾಗಿತ್ತು, ಅದೂ ಉಪ್ಪೊಂದು ಬಿಟ್ಟು. ಹಾಗಂತ ಆ ಕಾಲವನ್ನು ಸ್ವರ್ಗ ಮಾಡುವುದೂ ಬೇಡ. ಮೇಲು ಕೀಳು ಇತ್ತು. ಮಾಟದ ಅನುಮಾನದ ಮೇಲೆ ಕುರುಂಬರನ್ನು ಕೊಂದ ಘಟನೆಗಳು ಹತ್ತೊಂಬತ್ತನೇ ಶತಮಾನದಲ್ಲಿ ದಾಖಲಾಗಿವೆ. ಆದರೂ ಚಳಿಯ ಬೆಟ್ಟದಲ್ಲಿ ಹೊಟ್ಟೆ ತುಂಬಿಸಿದ್ದು ಮಣ್ಣು ಮತ್ತು ನೀರು ಮಾತ್ರವಲ್ಲ, ಆ ನಂಟು ಕೂಡ. ಒಂದೆಕರೆ ಕೊಂಡು ಬೇಲಿ ಹಾಕಿ ಕೂರುವವನಿಗೆ ಮಣ್ಣು ಸಿಗುತ್ತದೆ, ನಂಟು ಸಿಗುವುದಿಲ್ಲ.

ಕೊನೆಗೆ ಶಾಲೆ. ಕನ್ನಡ ಶಾಲೆಯ ಮೇಷ್ಟ್ರಾಗಿ ಇದನ್ನು ಬಿಟ್ಟು ಹೋಗಲಾರೆ. 2011ರ ಜನಗಣತಿಯಲ್ಲಿ ಬಡಗ ಮಾತಾಡುವವರು 1,33,550 ಜನ. ಗಣತಿಯವರು ಅದನ್ನು ಕನ್ನಡದ ಗುಂಪಿನಲ್ಲೇ ಸೇರಿಸುತ್ತಾರೆ. ಆದರೆ ನಾನು ನೋಡಿದ ಹಟ್ಟಿಗಳ ಮಕ್ಕಳು ಮನೆಯಲ್ಲಿ ಬಡಗ, ಶಾಲೆಯಲ್ಲಿ ತಮಿಳು ಇಲ್ಲವೇ ಇಂಗ್ಲಿಷ್. ಅಜ್ಜನ ಮೊಮ್ಮಗಳು ನನ್ನ ಚೀಲದಲ್ಲಿದ್ದ ನಾಲ್ಕನೇ ತರಗತಿಯ ಕನ್ನಡ ಪುಸ್ತಕವನ್ನು ತಿರುವಿ ಹಾಕಿದಳು. ನಾನು ಓದಿದರೆ ಅವಳಿಗೆ ಮುಕ್ಕಾಲು ಅರ್ಥವಾಗುತ್ತಿತ್ತು, ಅಕ್ಷರ ಮಾತ್ರ ಒಂದೂ ಗೊತ್ತಿಲ್ಲ. ಹೊಸೂರಿನಲ್ಲಿ ಕನ್ನಡ ಓದುತ್ತಿರುವ ನಮ್ಮ ಹುಡುಗನ ಮಗಳು ಅಲ್ಲಿಗೆ ಹೋದರೆ ಆಟಕ್ಕೆ ಗೆಳತಿಯರು ಒಂದೇ ದಿನದಲ್ಲಿ ಸಿಗುತ್ತಾರೆ. ಕನ್ನಡದ ಓದು ಮಾತ್ರ ಅಲ್ಲಿಗೇ ನಿಲ್ಲುತ್ತದೆ. ಮನೆಯಲ್ಲಿ ತಾಯಿತಂದೆ ದಿನಾ ಕೂರಿಸಿಕೊಂಡು ಓದಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಹಸು ಕರೆದು, ಪಾತಿ ಅಗೆದು, ಹಿಮ ತೊಳೆದು ಬಂದವರಿಗೆ ಸಂಜೆ ಅಷ್ಟು ಉಸಿರು ಉಳಿದಿರಬೇಕು.

ಅವನಿಗೆ ಒಂದು ಪ್ರೋಗ್ರೆಸ್ ರಿಪೋರ್ಟನ್ನೇ ಬರೆದು ಕಳಿಸಿದೆ. ತರಕಾರಿ, ಫಸ್ಟ್ ಕ್ಲಾಸ್. ನೀರು, ಶೋಲಾ ಹತ್ತಿರವಿದ್ದರೆ ಪಾಸು. ಹಾಲು, ಮೇವಿಗೆ ಬೇರೆ ಜಾಗ ಇದ್ದರೆ ಪಾಸು. ಧಾನ್ಯ, ಬೇಳೆ, ಎಣ್ಣೆ, ಫೇಲು. ಸೌದೆ, ಫೇಲು. ಆಸ್ಪತ್ರೆ, ಊಟಿಗೆ ಹತ್ತಿರವಿದ್ದರೆ ಪಾಸು, ಕುಂದಾ ಮೂಲೆಯಲ್ಲಿ ಫೇಲು. ಕನ್ನಡ, ಮನೆಪಾಠದ ಮೇಲೆ. ನೆರೆಹೊರೆ, ಪರೀಕ್ಷೆ ಇನ್ನೂ ಬರೆದಿಲ್ಲ.

ಕೆಳಗೆ ಸಲಹೆ ಬರೆದೆ: "ಪಿ.ಎಫ್. ಮುಟ್ಟಬೇಡ. ಮೊದಲು ಒಂದು ಹಟ್ಟಿಯ ಹತ್ತಿರ ಮನೆ ಬಾಡಿಗೆಗೆ ಹಿಡಿ. ಒಂದು ಡಿಸೆಂಬರ್, ಒಂದು ಜುಲೈ, ಒಂದು ನವೆಂಬರ್ ಇದ್ದು ನೋಡು. ಅಮ್ಮನನ್ನು ಕರೆದೊಯ್ಯುವ ಮೊದಲು ಅವರನ್ನು ನೋಡುವ ಡಾಕ್ಟರನ್ನು ಕೇಳು. ಹದಿನೈದು ದಿನ ರಸ್ತೆ ಮುಚ್ಚಿದರೂ ನಡೆಯುವಷ್ಟು ಅಕ್ಕಿ, ಬೇಳೆ, ಔಷಧಿ ಮನೆಯಲ್ಲಿಡು. ವರ್ಷ ಕಳೆದ ಮೇಲೆ ಉಪ್ಪು ಮುಗಿದ ರಾತ್ರಿ ಯಾರ ಬಾಗಿಲು ತಟ್ಟಬಹುದು ಅಂತ ನಿನಗೆ ಗೊತ್ತಾಗಿದ್ದರೆ, ಆಗ ಜಮೀನು ನೋಡು."

ಎರಡು ದಿನ ಫೋನ್ ಬರಲಿಲ್ಲ. ಬೇಜಾರಾಯಿತೇನೋ ಅಂದುಕೊಂಡೆ. ಮೂರನೇ ದಿನ ಮಾಡಿದ. "ಸಾ, ಫೇಲಾದ್ ಸಬ್ಜೆಕ್ಟೇ ಜಾಸ್ತಿ ಅದಲ್ಲಾ" ಅಂದ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಡಿಸೆಂಬರ್‌ಗೆ ನಾನೊಬ್ಬನೇ ಹೋಗಿ ಒಂದ್ ತಿಂಗ್ಳು ಇದ್ದು ನೋಡ್ತೀನಿ ಸಾ. ಮಗಳು ಪರೀಕ್ಷೆ ಮುಗಿಯಗಂಟ ಅವ್ರೆಲ್ಲ ಇಲ್ಲೇ ಇರ್ಲಿ" ಅಂದ. ಆ ಅಜ್ಜನ ಹಟ್ಟಿಯ ಹೆಸರು ಕೇಳಿ ಬರೆದುಕೊಂಡ.

ಓದುತ್ತಿರುವ ಶಿಕ್ಷಕ ಮಿತ್ರರಿಗೆ ಒಂದು ಮಾತು. ಸ್ವಾವಲಂಬಿ ಹಳ್ಳಿ ಅಂತ ಪಾಠ ಮಾಡುವಾಗ ಮಕ್ಕಳಿಂದ ಅವರವರ ಅಡುಗೆಮನೆಯ ಪಟ್ಟಿ ಮಾಡಿಸಿ. ಒಂದೊಂದು ಡಬ್ಬಿಯ ಮುಂದೆ ಅದು ಎಲ್ಲಿಂದ ಬಂತು, ಯಾರ ಕೈಯಿಂದ ಬಂತು ಅಂತ ಬರೆಸಿ. ನಮ್ಮ ಏಳನೇ ತರಗತಿಯಲ್ಲಿ ಮಾಡಿಸಿದೆ. ರಾಗಿಯ ಮುಂದೆ "ನಮ್ಮ ಹೊಲ" ಅಂತ ಬರೆದವರು ಹನ್ನೊಂದು ಮಕ್ಕಳು. ಉಪ್ಪಿನ ಮುಂದೆ ಎಲ್ಲರೂ "ಅಂಗಡಿ" ಅಂತ ಬರೆದಿದ್ದರು. ಅಂಗಡಿಗೆ ಎಲ್ಲಿಂದ ಬಂತು ಅಂತ ಕೇಳಿದೆ. ಆ ದಿನದ ಉಳಿದ ಪಾಠವೆಲ್ಲ ಅದೇ ಆಯಿತು. ಜತ್ತದಲ್ಲಿ, ಮಡಕಶಿರಾದಲ್ಲಿ, ಕಾಸರಗೋಡಿನಲ್ಲಿ ನಿಮ್ಮ ಮಕ್ಕಳ ಪಟ್ಟಿ ಬೇರೆಯೇ ಇರುತ್ತದೆ. ಮಾಡಿಸಿ ನೋಡಿ.